ಕೇರಿ ಕೇಳುವ ತನಕದ ಸಮಾನತೆ

ನಮ್ಮ ಪತ್ರಿಕೆಗಳಲ್ಲಿ ಪ್ರವಾಸದ ಪುಟ ಬರೆಯುವವರಿಗೆ ಒಂದು ಮಾತು ಬಲು ಇಷ್ಟ. ಪ್ರಶಾಂತ. ಹೊಳೆ ದಂಡೆಯ ಊರು ಕಂಡರೆ ಸಾಕು, ಪ್ರಶಾಂತ. ದೇವಸ್ಥಾನದ ಮುಂದೆ ನಾಲ್ಕು ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರು, ನೀರಿನಲ್ಲಿ ನಾಲ್ಕು ಜನ ಮುಳುಗಿ ಏಳುತ್ತಿದ್ದರೆ, ಪ್ರಶಾಂತ. ಬಸ್ಸಿನಿಂದ ಇಳಿದು, ಒಂದು ಕಾಫಿ ಕುಡಿದು, ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು, ಮತ್ತೆ ಬಸ್ಸು ಹತ್ತಿ ಹೋಗುವವನಿಗೆ ಊರು ಪ್ರಶಾಂತವಾಗಿಯೇ ಕಾಣುತ್ತದೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಅವನ ಉತ್ತರದಿಂದ ಯಾರ ಮುಖವೂ ಬದಲಾಗುವುದಿಲ್ಲ.

ನಾನೂ ಅಂಥದ್ದನ್ನು ಬರೆದವನೇ. ಕಾಲೇಜಿನಲ್ಲಿದ್ದಾಗ ಕಪಿಲಾ ಹೊಳೆಯ ಮೇಲೆ ಒಂದು ಪದ್ಯ ಬರೆದಿದ್ದೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಯಿತು. ಮೇಷ್ಟ್ರು ಬೆನ್ನು ತಟ್ಟಿದರು. ಅದರಲ್ಲಿ ಬೆಳದಿಂಗಳಿತ್ತು, ಗಂಟೆಯ ಸದ್ದಿತ್ತು, ಮರಳಿತ್ತು. ನಮ್ಮವ್ವ ಇರಲಿಲ್ಲ. ನಮ್ಮ ಕೇರಿಯ ಒಂದು ನಾಯಿಯೂ ಇರಲಿಲ್ಲ. ಈ ಬರಹ ಆ ಪದ್ಯದ ಮೇಲೆ ನಾನೇ ಹೂಡುತ್ತಿರುವ ತಕರಾರು.

ಹೋದ ತಿಂಗಳು ಅವ್ವನ ಕಣ್ಣು ತೋರಿಸಲು ಮೈಸೂರಿಗೆ ಹೊರಟೆವು. ನಮ್ಮೂರು ಚಾಮರಾಜನಗರದ ಕಡೆ. ನಾವು ಹತ್ತಿದ ಬಸ್ಸು ನಂಜನಗೂಡಿಗೇ ಕೊನೆ. ಅಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಕಾಸಿಲ್ಲದ ಪ್ರಯಾಣ ಬಂತಲ್ಲ, ಅವತ್ತಿಂದ ಅವ್ವ ಬಸ್ಸಿಗೆ ಹೆದರುವುದು ಬಿಟ್ಟಿದ್ದಾಳೆ. ಕಂಡಕ್ಟರ್ ಮುಂದೆ ಆಧಾರ್ ಕಾರ್ಡು ಹಿಡಿದು ಸೊನ್ನೆ ಟಿಕೀಟು ಇಸ್ಕೊಳ್ಳುವಾಗ ಅವಳ ಮುಖ ನೋಡಬೇಕು. ಜಮೀನಿನ ಪತ್ರ ಇಸ್ಕೊಂಡ ಹಾಗಿರುತ್ತದೆ.

ಬಸ್ಸು ನಮಗೆ ಮಾಡಿದ ಉಪಕಾರ ಸಣ್ಣದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಜ್ಜ ಮೇಲ್ಕೇರಿಯ ಬೀದಿಯಲ್ಲಿ ಚಪ್ಪಲಿ ಕೈಲಿ ಹಿಡಿದು ನಡೆದವನು. ಅವನ ಸೊಸೆಯ ಪಕ್ಕದಲ್ಲಿ ಅವತ್ತು ಕತ್ತಿನ ತುಂಬ ಚಿನ್ನ ಹಾಕಿದ ಒಬ್ಬ ಗೌಡತಿ ಕೂತಿದ್ದರು. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಇಬ್ಬರೂ ಅವರೆಕಾಯಿ ರೇಟಿನ ಬಗ್ಗೆ ಮಾತಾಡಿಕೊಂಡು ಬಂದರು. ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂತಾಗ ಮಡಿ ನಿಲ್ಲುವುದಿಲ್ಲ. ಯಾವ ಸಂತನ ಉಪದೇಶಕ್ಕೂ ಬಗ್ಗದ ಮೈ ಬಸ್ಸಿನ ನೂಕುನುಗ್ಗಲಿಗೆ ಬಗ್ಗಿತು.

ನಂಜನಗೂಡಿನಲ್ಲಿ ಇಳಿದೆವು. "ಒಂದ್ ಗಳಿಗೆ ನಂಜುಂಡಪ್ಪನ ಹೊಳೆ ನೋಡ್ಕಂಡ್ ಹೋಗನ ಕನ ಮಗ" ಅಂದಳು ಅವ್ವ. ಕಣ್ಣು ಮಂಜಾಗುತ್ತಿದೆ, ಇರುವಾಗಲೇ ನೋಡಲಿ ಅಂತ ನಾನೂ ಹೂಂ ಅಂದೆ. ಮೊದಲು ಒಂದು ಹೋಟೆಲಿಗೆ ಹೋದೆವು. ಸಣ್ಣ ಹೋಟೆಲು. ಮೇಜಿನ ಮುಂದೆ ಕೂತೆವು. ಇಡ್ಲಿ ಬಂತು, ಟೀ ಬಂತು. ಯಾರೂ ಏನೂ ಕೇಳಲಿಲ್ಲ. ಗಲ್ಲಾದ ಮೇಲೆ ಕೂತವರು "ಬನ್ನಿ ಅಮ್ಮ, ಕೂತ್ಕಳಿ" ಅಂದರು. ನನ್ನ ಎದೆ ಉಬ್ಬಿತು. ನೋಡವ್ವ ಕಾಲ ಹೆಂಗೆ ಬದಲಾಯ್ತು ಅನ್ನೋ ಹಾಗೆ ಅವಳ ಕಡೆ ನೋಡಿದೆ.

ಅವ್ವ ಟೀ ಕುಡಿದಳು. ಎದ್ದಳು. ಲೋಟ ಎತ್ತಿಕೊಂಡು ಕೈ ತೊಳೆಯುವ ನಲ್ಲಿಯ ಹತ್ತಿರ ಹೋದಳು. ಎರಡು ಸಲ ಗಲಬರಿಸಿ ತೊಳೆದು, ಬಾಗಿಲಾಚೆ ಗೋಡೆ ಪಕ್ಕದ ಕಟ್ಟೆಯ ಮೇಲೆ ಬೋರಲು ಹಾಕಿ ಬಂದಳು.

ಹೋಟೆಲಿನವರು ತೊಳಿ ಅನ್ನಲಿಲ್ಲ. ನಿಜ ಹೇಳಬೇಕು, "ಬುಡಿ ಅಮ್ಮ, ಹುಡುಗ್ರು ತೊಳ್ಕತಾರೆ" ಅಂತಲೇ ಅಂದರು. ಆಮೇಲೆ ಆ ಲೋಟ ನೋಡಿದರು. ಅವ್ವನ ಮುಖ ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ಲೋಟವನ್ನು ಹಾಗೆ ತೊಳೆದು ಹೊರಗೆ ಬೋರಲು ಹಾಕುವವರು ಯಾವ ಕೇರಿಯವರು ಅಂತ ನಮ್ಮ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಅವ್ವ ಹುಡುಗಿಯಾಗಿದ್ದಾಗ ಅವಳೂರ ಹೋಟೆಲಿನಲ್ಲಿ ಕೇರಿಯವರಿಗೆ ತೆಂಗಿನ ಚಿಪ್ಪು. ಮದುವೆಯಾಗಿ ಬಂದ ಮೇಲೆ ಚಿಪ್ಪು ಹೋಗಿ ಬೇರೆ ಲೋಟ ಬಂತು. ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿದ್ದರು. ತಾವೇ ತೆಗೆದುಕೊಳ್ಳಬೇಕು, ಮೇಲಿಂದ ಹುಯ್ಯಿಸಿಕೊಳ್ಳಬೇಕು, ತಾವೇ ತೊಳೆದಿಡಬೇಕು.

ಗೆಳೆಯರೇ, ಆಗ ನನಗೆ ಸಿಟ್ಟು ಬರಬೇಕಿತ್ತು. ಆ ಚಿಪ್ಪಿನ ಮೇಲೆ, ಆ ಸೂರಿನ ಮೇಲೆ, ಸಾವಿರ ವರ್ಷದ ಮೇಲೆ. ಬರಲಿಲ್ಲ. ನಾಚಿಕೆ ಬಂತು. ಅವ್ವನ ಮೇಲೆ ಬಂತು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಬಿ.ಎ. ಡಿಗ್ರಿ, ಇಷ್ಟನ್ನೆಲ್ಲ ಹೊತ್ತು ನಾನು ಗಳಿಸಿದ್ದ ಹತ್ತು ನಿಮಿಷದ ಸಮಾನತೆಯನ್ನು ಈ ಮುದುಕಿ ಒಂದು ಲೋಟ ತೊಳೆದು ಹಾಳು ಮಾಡಿಬಿಟ್ಟಳಲ್ಲ ಅನ್ನಿಸಿತು. ಬರೆಯುವುದಕ್ಕೆ ಕೈ ನಡುಗುತ್ತದೆ. ಆದರೂ ಬರೆಯುತ್ತೇನೆ. ಇದನ್ನು ಓದುವ ನಿಮ್ಮಲ್ಲಿ ಎಷ್ಟು ಜನಕ್ಕೆ ಈ ನಾಚಿಕೆ ಗೊತ್ತಿದೆ ಅಂತ ನನಗೂ ಗೊತ್ತು.

ಹೊಳೆಗೆ ಹೋದೆವು. ಹೊಳೆ ತುಂಬಿದರೆ ಮುಳುಗುವ ಹದಿನಾರು ಕಾಲಿನ ಮಂಟಪ ಅವತ್ತು ಬಿಸಿಲಲ್ಲಿ ನಿಂತಿತ್ತು. ತಲೆ ಬೋಳಿಸಿಕೊಂಡವರು ಮುಳುಗಿ ಏಳುತ್ತಿದ್ದರು. ಅವ್ವ ಎಲ್ಲರೂ ಇಳಿಯುವ ಮೆಟ್ಟಿಲು ಬಿಟ್ಟು ನೀರು ಹರಿದು ಹೋಗುವ ಕಡೆಗೆ, ಕೆಳಗಡೆಗೆ ಹೋದಳು. ಅಲ್ಲಿ ಕಾಲು ತೊಳೆದಳು. ಮೇಲುಗಡೆ ಇಳಿಯಬಾರದು ಅಂತ ಅಲ್ಲಿ ಬೋರ್ಡಿಲ್ಲ. ಯಾರೂ ತಡೆಯಲಿಲ್ಲ. ಅವಳ ಕಾಲಿಗೆ ದಾರಿ ಗೊತ್ತಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹಿರಿಯರು ನಮ್ಮನ್ನು ಪ್ರೀತಿಯಿಂದಲೇ ಮಾತಾಡಿಸಿದರು. ಅವ್ವನ ಕೈಗೆ ಎರಡು ಬಾಳೆಹಣ್ಣು ಕೊಟ್ಟರು. "ಯಾವೂರಪ್ಪ ನಿಮ್ದು?" ಅಂದರು. ಹೇಳಿದೆ. "ಅಲ್ಲಿ ಯಾರ ಪೈಕಿ?" ಅಂದರು. ನಾನು ಉತ್ತರ ಕೊಟ್ಟೆ. ಏನಂತ ಕೊಟ್ಟೆ? "ನಾನು ಮೈಸೂರಲ್ಲಿ ಓದಿದ್ದು ಸಾರ್" ಅಂತ ಕೊಟ್ಟೆ. ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ನಮ್ಮಲ್ಲಿ ಓದಿದವರೆಲ್ಲ ಕಲಿತಿರುವ ಜಾಣತನ ಇದು.

ಅವ್ವ ಸೆರಗಿನಿಂದ ಕಾಲೊರೆಸಿಕೊಳ್ಳುತ್ತ ಹೇಳಿದಳು: "ನಾವು ಹೊಲಗೇರಿಯೋರು ಕನ ಬುದ್ಧಿ."

ಹಿರಿಯರು "ಹೌದಾ" ಅಂದರು. ಬೈಯಲಿಲ್ಲ. ಎದ್ದು ಹೋಗಲೂ ಇಲ್ಲ. ಹೊಳೆ ಕಡೆ ಮುಖ ತಿರುಗಿಸಿಕೊಂಡರು. ಮಾತು ಅಲ್ಲಿಗೆ ನಿಂತಿತು. ನೀರು ಹರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಪ್ರಶಾಂತ ಅಂತ ಪತ್ರಿಕೆಯವರು ಬರೆಯುತ್ತಾರಲ್ಲ, ಅದು ಏನು ಅಂತ ನನಗೆ ಗೊತ್ತಾಗಿದ್ದು ಆ ಗಳಿಗೆಯಲ್ಲಿ.

ಮೈಸೂರು ಬಸ್ಸಿನಲ್ಲಿ ಕೂತ ಮೇಲೆ ನಾನು ಸಿಡುಕಿದೆ. "ಲೋಟ ಯಾಕವ್ವ ತೊಳ್ದೆ? ಅವ್ರು ಬ್ಯಾಡ ಅಂದ್ರಲ್ಲ."

"ನಾನೆಲ್ಲಿ ತೊಳ್ದೆ? ಕೈ ತೊಳೀತು ಕನ" ಅಂದಳು ಅವ್ವ. ಸ್ವಲ್ಪ ದೂರ ಹೋದ ಮೇಲೆ ಅವಳೇ ಕೇಳಿದಳು. "ನನ್ ಕೈಗೆ ಅರುವತ್ತು ವರ್ಸದ ಅಭ್ಯಾಸ. ನಿನ್ ಬಾಯಿಗೇನಾಗಿತ್ತು?"

ನನ್ನ ಹತ್ತಿರ ಉತ್ತರವಿರಲಿಲ್ಲ.

ಇದು ಒಬ್ಬ ಮಗನ ನಾಚಿಕೆ ಮಾತ್ರ ಆಗಿದ್ದರೆ ಇಲ್ಲಿ ಬರೆದು ನಿಮ್ಮ ಹೊತ್ತು ಕೆಡಿಸುತ್ತಿರಲಿಲ್ಲ. ನಾವು ಅವತ್ತು ಬಂದ ರಸ್ತೆಯನ್ನೇ ಒಂದು ಸಲ ನೋಡಿ. ಅದರ ಎಡಬಲದಲ್ಲಿ ಎಂಥ ಊರುಗಳಿವೆ ಅಂತ ನೋಡಿ.

ಚಾಮರಾಜನಗರ ತಾಲ್ಲೂಕಿನಲ್ಲಿ ಹೆಗ್ಗೊಠಾರ ಅಂತ ಒಂದು ಊರಿದೆ. 2022ರ ನವೆಂಬರಿನಲ್ಲಿ ಅಲ್ಲಿಗೆ ಒಂದು ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ಮೇಲ್ಜಾತಿಯವರ ಬೀದಿಯ ತೊಂಬೆ ನಲ್ಲಿಯಲ್ಲಿ ನೀರು ಕುಡಿದಳು. ಅವಳು ಬೇರೆ ಊರಿನವಳು. ನನ್ನ ಹಾಗೆ, ಪ್ರವಾಸದ ಪುಟ ಬರೆಯುವವರ ಹಾಗೆ, ಒಂದು ಹೊತ್ತಿಗೆ ಬಂದು ಹೋಗುವವಳು. ಕುಡಿಯುವಾಗ ಅವಳೂ ಒಬ್ಬ ಬಾಯಾರಿದ ಮನುಷ್ಯಳು. ಅವಳು ಯಾವ ಕೇರಿಯವಳು ಅಂತ ಗೊತ್ತಾದ ಮೇಲೆ ಏನಾಯಿತು? ತೊಂಬೆಯ ನೀರನ್ನೆಲ್ಲ ಹೊರಗೆ ಬಿಟ್ಟು, ಗಂಜಲ ಹಾಕಿ ತೊಳೆದರು. ದನದ ಉಚ್ಚೆಯಿಂದ ಶುದ್ಧವಾಗುವ ನೀರು ಹೆಣ್ಣುಮಗಳ ಬಾಯಾರಿಕೆಯಿಂದ ಮೈಲಿಗೆಯಾಯಿತು. ಆಮೇಲೆ ತಹಸೀಲ್ದಾರರು ಬಂದರು, ದಲಿತರನ್ನು ಕರೆದುಕೊಂಡು ಹೋಗಿ ಊರ ತೊಂಬೆಗಳ ನೀರು ಕುಡಿಸಿದರು. ಮೈ ಮೇಲೆ ಸರ್ಕಾರದ ಕಾವಲಿಟ್ಟುಕೊಂಡು ನೀರು ಕುಡಿಯಬೇಕಾದ ಕಾಲವನ್ನು ಸ್ವಾತಂತ್ರ್ಯ ಬಂದ 75 ವರ್ಷದ ಮೇಲೂ ನಾವು ದಾಟಿಲ್ಲ.

ಅದೇ ರಸ್ತೆಯಲ್ಲಿ ಮುಂದೆ ಬಂದರೆ ನಂಜನಗೂಡು ತಾಲ್ಲೂಕಿನ ಬದನವಾಳು. ಓದಿದವರಿಗೆ ಈ ಹೆಸರು ಗೊತ್ತಿರುವುದು ಗಾಂಧೀಜಿ ಬಂದು ಹೋದ ಖಾದಿ ಕೇಂದ್ರದಿಂದ. ಚರಕ, ನೂಲು, ಹಳೆಯ ಹೆಂಚಿನ ಮನೆ, ಅದೂ ಬಲು ಪ್ರಶಾಂತ. ಆದರೆ ನಮ್ಮ ಕೇರಿಗಳಲ್ಲಿ ಬದನವಾಳು ಅಂದರೆ ಬೇರೆಯೇ ನೆನಪು. ದೇವಸ್ಥಾನ ಪ್ರವೇಶದ ತಕರಾರು ಬೆಳೆದು, 1993ರ ಮಾರ್ಚ್ ತಿಂಗಳಲ್ಲಿ ಮೂವರು ದಲಿತರನ್ನು ಕೊಂದರು. ದೇವರ ಮುಂದೆ ನಿಲ್ಲುತ್ತೇವೆ ಅಂದಿದ್ದೇ ತಪ್ಪಾಯಿತು.

ಇದೇ ತಾಲ್ಲೂಕಿನ ಹಲ್ಲರೆ. ದಲಿತರ ತಲೆ ಕ್ಷೌರ ಮಾಡಿದ ಎಂಬ ಕಾರಣಕ್ಕೆ ತನಗೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳಿದರು ಅಂತ 2020ರ ನವೆಂಬರಿನಲ್ಲಿ ಒಬ್ಬ ಕ್ಷೌರಿಕ ದೂರಿದ. ನೋಡಿ, ನಮ್ಮನ್ನು ಮುಟ್ಟಿದವನಿಗೂ ದಂಡ. ಕೂಲಿಯವನು ಇನ್ನೊಬ್ಬ ಕೂಲಿಯವನ ತಲೆ ಮುಟ್ಟಿದರೂ ಊರ ಶಾಂತಿ ಕೆಡುತ್ತದೆ.

ಈ ಮೂರು ಊರುಗಳಿಗೂ ನಂಜನಗೂಡು ಬಸ್ ಸ್ಟ್ಯಾಂಡಿನಿಂದ ಬಸ್ಸಿನಲ್ಲಿ ಹೋಗಿಬರಬಹುದು. ಅಲ್ಲಿನ ಜನ ಈ ಹೊಳೆಯಲ್ಲೇ ಮುಳುಗುತ್ತಾರೆ. ಅಂದಮೇಲೆ ಮೆಟ್ಟಿಲ ಮೇಲೆ ಇರುವ ಮೌನ ಯಾರ ಮೌನ? ಸುಖವಾಗಿರುವವನು ಮಾತಾಡದೆ ಕೂರುವುದು ಒಂದು ಮೌನ. ಮಾತಾಡಿದರೆ ಏಟು ಬೀಳುತ್ತದೆ ಅಂತ ಕೂರುವುದು ಇನ್ನೊಂದು ಮೌನ. ದೂರದಿಂದ ನೋಡುವವನಿಗೆ ಎರಡೂ ಒಂದೇ. ಬಸ್ಸಿನ ಕಿಟಕಿಯಿಂದ ನೋಡಿ ಬರೆಯುವ ಸಾಹಿತ್ಯಕ್ಕೆ ಎರಡೂ ಒಂದೇ.

1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ನಾಡೆಲ್ಲ ಉರಿದು ಬಿತ್ತು. ಹಾಸ್ಟೆಲ್ಲುಗಳ ದಲಿತ ಹುಡುಗರಿಗೆ ಏಟು ಬಿತ್ತು. ಅವರು ಮಂತ್ರಿ ಪದವಿ ಕಳೆದುಕೊಂಡರು. ಬೂಸಾ ಅಂದರೆ ಏನು? ಕಾಳಿಲ್ಲದ ಹೊಟ್ಟು. ಹೊಳೆ ಇದ್ದು, ಹೊಳೆಯಲ್ಲಿ ಯಾರು ಮೇಲುಗಡೆ, ಯಾರು ಕೆಳಗಡೆ ಅನ್ನುವುದಿಲ್ಲದ ಬರಹ ಅಂಥ ಹೊಟ್ಟು. ನನ್ನ ಕಪಿಲೆ ಪದ್ಯವೂ ಅದೇ ಗೋಣಿಗೆ ಸೇರಿದ್ದು.

ಹೊಳೆ ದಂಡೆಯ ಇನ್ನೊಂದು ಊರಿನ ಸಂಗತಿ ಹೇಳುತ್ತೇನೆ. ಮಹಾರಾಷ್ಟ್ರದ ಮಹಾಡ್. ಸಾವಿತ್ರಿ ನದಿಯ ದಂಡೆಯ ಸಣ್ಣ ಪಟ್ಟಣ. ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕು ಅಂತ ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಮಹಾಡಿನ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಯನ್ನು ಕಾಗದದ ಮೇಲೆ ತೆರೆದಿತ್ತು. ಕಾಗದದ ಮೇಲೆ ಕೆರೆ ತೆರೆದಿತ್ತು, ಊರು ಪ್ರಶಾಂತವಾಗಿತ್ತು. ಯಾಕೆಂದರೆ ಯಾರೂ ಕುಡಿಯಲು ಹೋಗಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಆವತ್ತೇ ಊರಿನ ಶಾಂತಿ ಕೆಟ್ಟಿತು. ದೇವಸ್ಥಾನಕ್ಕೂ ನುಗ್ಗುತ್ತಾರೆ ಅಂತ ಸುದ್ದಿ ಹಬ್ಬಿಸಿ ಊಟಕ್ಕೆ ಕೂತವರನ್ನು ಹೊಡೆದರು. ಆಮೇಲೆ ಕೆರೆಯಿಂದ 108 ಕೊಡ ನೀರು ಮೊಗೆದು, ಸಗಣಿ ಗಂಜಲ ಬೆರೆಸಿ, ಮಂತ್ರ ಹೇಳಿ ಕೆರೆಯನ್ನು ಶುದ್ಧ ಮಾಡಿದರು. ಕೇಸು ನಡೆದು, ನೀರು ನಮ್ಮದೂ ಹೌದು ಅಂತ ಮುಂಬಯಿ ಹೈಕೋರ್ಟಿನಿಂದ ತೀರ್ಪು ಬರಲು 1937 ಆಗಬೇಕಾಯಿತು.

1927ರಲ್ಲಿ ಮಹಾಡ್. 2022ರಲ್ಲಿ ಹೆಗ್ಗೊಠಾರ. ನಡುವೆ 95 ವರ್ಷ. ಕೊಡ ಹೋಗಿ ನಲ್ಲಿ ಬಂತು, ಕೆರೆ ಹೋಗಿ ತೊಂಬೆ ಬಂತು. ಗಂಜಲ ಮಾತ್ರ ಹಾಗೇ ಉಳಿಯಿತು.

ಮಹಾಡಿನಲ್ಲಿ ಕುಡಿದ ನೀರನ್ನು ಬಾಬಾಸಾಹೇಬರು ಮರೆಯಲಿಲ್ಲ. ಅವರ ಮುಂದಾಳತ್ವದಲ್ಲಿ ತಯಾರಾದ ಸಂವಿಧಾನದ 15ನೇ ವಿಧಿಯ ಎರಡನೇ ಭಾಗವನ್ನು ತೆಗೆದು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಒಂದೊಂದನ್ನೂ ಹೆಸರು ಹಿಡಿದು ಹೇಳಿದೆ. ಜಾತಿಯ ಕಾರಣಕ್ಕೆ ಇಲ್ಲೆಲ್ಲೂ ಯಾರನ್ನೂ ತಡೆಯುವಂತಿಲ್ಲ. ದೇಶದ ಅತಿ ದೊಡ್ಡ ಕಾನೂನಿನ ಪುಸ್ತಕದಲ್ಲಿ ಸ್ನಾನಘಟ್ಟಕ್ಕೆ, ಹೋಟೆಲಿಗೆ ಯಾಕೆ ಜಾಗ ಬೇಕಾಯಿತು? ಬರೆದವರು ಕಿಟಕಿಯಿಂದ ನೋಡಿದವರಲ್ಲ. ಬಾಯಾರಿ ನಿಂತವರು. ಅವ್ವ ಲೋಟ ತೊಳೆದ ಹೋಟೆಲೂ, ಅವ್ವ ಕೆಳಗಡೆಗೆ ಸರಿದು ಹೋದ ಮೆಟ್ಟಿಲೂ ಆ ಒಂದೇ ಸಾಲಿನಲ್ಲಿವೆ. 1950ರ ಜನವರಿ 26ರಿಂದ ಇವೆ. ಆ ಸಾಲು ಅವ್ವನಿಗೆ ತಲುಪಿಲ್ಲ. ಅವಳಿಗೆ ಓದು ಬರುವುದಿಲ್ಲ. ಓದು ಬರುವ ನಾನು ಅದನ್ನು ಪರೀಕ್ಷೆಗೆ ಉರು ಹೊಡೆದು, ಮಾರ್ಕು ತೆಗೆದುಕೊಂಡು, ಮನೆಗೆ ಬಂದು ಅವಳಿಗೆ ಒಂದು ದಿನವೂ ಓದಿ ಹೇಳಲಿಲ್ಲ. ತಪ್ಪು ಯಾರದು?

ಈಗ ಕೆಲವು ಮಹನೀಯರು ಬರುತ್ತಾರೆ. "ಪ್ಯಾಟೇಲಿ ಜಾತಿ ಎಲ್ಲಿದೆ ಸ್ವಾಮಿ? ಬಸ್ಸಲ್ಲಿ ಕೇಳ್ತಾರಾ? ಹೋಟ್ಲಲ್ಲಿ ಕೇಳ್ತಾರಾ? ನೀವೇ ಅದನ್ನ ಜೀವಂತ ಇಟ್ಟಿದ್ದೀರಿ" ಅನ್ನುತ್ತಾರೆ. ಅವರಿಗೆ ನನ್ನ ಉತ್ತರ ಇಷ್ಟು. ಕೇಳದೆ ಇರುವುದು ಸಮಾನತೆಯಲ್ಲ. ಕೇಳಿ, ಉತ್ತರ ಸಿಕ್ಕ ಮೇಲೂ ಅದೇ ಮುಖ ಇದ್ದರೆ ಅದು ಸಮಾನತೆ. ಮೈಸೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋಗಿ ನೋಡಿ. ಮೊದಲು ವೆಜ್ಜಾ ನಾನ್‌ವೆಜ್ಜಾ ಅನ್ನುತ್ತಾರೆ. ಆಮೇಲೆ ಯಾವೂರು ಅನ್ನುತ್ತಾರೆ. ಆಮೇಲೆ ಯಾರ ಪೈಕಿ ಅನ್ನುತ್ತಾರೆ. ಆಮೇಲೆ ಮನೆ ಆಗಲೇ ಬೇರೆಯವರಿಗೆ ಆಗಿಹೋಯಿತು ಅನ್ನುತ್ತಾರೆ. ಹತ್ತು ನಿಮಿಷ ಟೀ ಕುಡಿಯುವವನಿಗೆ ಇರುವ ಸಮಾನತೆ ಹನ್ನೊಂದು ತಿಂಗಳ ಕರಾರಿಗೆ ಇರುವುದಿಲ್ಲ. ಇಳಿದು ಹೋಗುವವನಾಗಿ ಇರುವ ತನಕ ನಾನು ಮನುಷ್ಯ. ಉಳಿಯುತ್ತೇನೆ ಅಂದ ಕೂಡಲೇ ನಾನು ಜಾತಿ.

ಇನ್ನು ನಮ್ಮವರಿಗೆ, ನನ್ನಂಥವರಿಗೆ ಒಂದು ಮಾತು. ಈ ಹತ್ತು ನಿಮಿಷದ ಸಮಾನತೆ ಬಲು ರುಚಿ. ಅದರ ರುಚಿ ಹತ್ತಿದವನು ಬದುಕೆಲ್ಲ ಬಸ್ ಸ್ಟ್ಯಾಂಡಿನಲ್ಲೇ ಕಳೆಯಲು ನೋಡುತ್ತಾನೆ. ಹೆಸರಿನ ಬಾಲ ಕತ್ತರಿಸುತ್ತಾನೆ. ಭಾಷೆ ಬದಲಿಸುತ್ತಾನೆ. ಗೆಳೆಯರನ್ನು ಊರಿಗೆ ಕರೆಯುವುದಿಲ್ಲ. ಅಪ್ಪ ಆಫೀಸಿಗೆ ಬಂದರೆ ಊರವರು ಅನ್ನುತ್ತಾನೆ. ಅವನ ಕಷ್ಟ ನನಗೆ ಗೊತ್ತು. ಬಾಡಿಗೆ ಮನೆ ಬೇಕು, ಕೆಲಸ ಬೇಕು, ಮಕ್ಕಳು ಶಾಲೆಯಲ್ಲಿ ಅಳಬಾರದು. ಹೆದರಿ ಮುಚ್ಚಿಟ್ಟುಕೊಂಡವನ ಮೇಲೆ ನಾನು ಕಲ್ಲೆಸೆಯುವುದಿಲ್ಲ. ಆದರೆ ಆ ಹೆದರಿಕೆಯನ್ನೇ ಸಮಾನತೆ ಅಂತ ಕರೆದರೆ ಸುಮ್ಮನಿರುವುದಿಲ್ಲ. ಜಾತಿ ಸತ್ತಿದ್ದರೆ ಅದನ್ನು ಮುಚ್ಚಿಡುವ ಕೆಲಸ ಯಾಕೆ ಇಷ್ಟು ಕಷ್ಟ? ಹೊಲಗೇರಿ ಅನ್ನುವ ಒಂದು ಮಾತನ್ನು ಅವ್ವ ಕಾಲೊರೆಸಿಕೊಳ್ಳುತ್ತ ಹೇಳಿದಳು. ಮೂರು ವರ್ಷ ಕಾಲೇಜಿನಲ್ಲಿ ಓದಿದ ನಾನು ನುಂಗಿಕೊಂಡೆ. ಅವ್ವನ ಕೈ ಹಳೆಯ ಗುಲಾಮಗಿರಿ. ನನ್ನ ಬಾಯಿ ಹೊಸ ಗುಲಾಮಗಿರಿ. ಹಳೆಯದಕ್ಕಾದರೂ ಅರವತ್ತು ವರ್ಷದ ಹೊಡೆತದ ನೆಪವಿದೆ.

ಆದುದರಿಂದ ಕೇಳುತ್ತೇನೆ. ಹಳ್ಳಿಯ ಮೇಷ್ಟ್ರುಗಳೇ, ಬಿಸಿಯೂಟಕ್ಕೆ ನಿಮ್ಮ ಮಕ್ಕಳು ಯಾರ ಪಕ್ಕ ಯಾರು ಕೂರುತ್ತಾರೆ ಅಂತ ನಾಳೆ ಒಂದು ಸಲ ನೋಡಿ. ತಟ್ಟೆ ಲೋಟ ಯಾರ ಕೈಲಿ ತೊಳೆಸುತ್ತೀರಿ ಅಂತಲೂ ನೋಡಿ. 15ನೇ ವಿಧಿಯನ್ನು ನಾಡಗೀತೆಯ ಹಾಗೆ ಗಟ್ಟಿಯಾಗಿ ಓದಿಸಿ. ಸ್ನಾನಘಟ್ಟ ಅನ್ನುವ ಪದ ಬಂದಾಗ ನಿಲ್ಲಿಸಿ, ಮಕ್ಕಳನ್ನು ನಿಮ್ಮೂರ ಕೆರೆಗೆ ಕರೆದುಕೊಂಡು ಹೋಗಿ ತೋರಿಸಿ. ಹಾಸ್ಟೆಲ್ ಹುಡುಗರೇ ಹುಡುಗಿಯರೇ, ನೀವು ಓದಿದ್ದನ್ನು ರಜಕ್ಕೆ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿ. ಸಂಘಟನೆಯ ಗೆಳೆಯರೇ, ಊರ ಹೋಟೆಲಿಗೆ ನಾವು ನಾವೇ ಹೋಗಿ ಟೀ ಕುಡಿದು ಬರುವುದಲ್ಲ, ಕೇರಿಯ ಹಿರಿಯರನ್ನು ಕರೆದುಕೊಂಡು ಹೋಗೋಣ. ಅವರ ಕೈಯಿಂದ ಲೋಟ ಇಸ್ಕೊಂಡು ಮೇಜಿನ ಮೇಲಿಡೋಣ. ಹೋಟೆಲಿನ ಹುಡುಗ ಎಲ್ಲರ ಲೋಟ ತೊಳೆದಂತೆ ಅದನ್ನೂ ಸಂಬಳಕ್ಕೆ ತೊಳೆಯಲಿ. ಆ ಹುಡುಗನ ಸಂಬಳ ಎಷ್ಟು ಅಂತಲೂ ಕೇಳೋಣ.

ಕವಿಗಳೇ, ಹೊಳೆ ಬರೆಯಬೇಡಿ ಅನ್ನುವುದಿಲ್ಲ. ಕಪಿಲೆ ನಮ್ಮದೂ ಹೌದು. ಬರೆಯುವ ಮುಂಚೆ ಮೆಟ್ಟಿಲ ಮೇಲೆ ಹೋಗಿ ನಿಮ್ಮ ಕೇರಿ ಯಾವುದು ಅಂತ ಗಟ್ಟಿಯಾಗಿ ಹೇಳಿ. ಆಮೇಲೆ ಬರುವ ಮೌನವನ್ನು ಕೇಳಿಸಿಕೊಳ್ಳಿ. ಆಮೇಲೆ ಬರೆಯಿರಿ.

ಅವ್ವನ ಕಣ್ಣಿಗೆ ಆಪರೇಷನ್ ಆಗಬೇಕು ಅಂದಿದ್ದಾರೆ. ಮುಂದಿನ ತಿಂಗಳು ಮತ್ತೆ ಮೈಸೂರಿಗೆ ಹೋಗಬೇಕು. ಅದೇ ಬಸ್ಸು, ನಂಜನಗೂಡಿನಲ್ಲಿ ಅದೇ ಇಳಿಯುವುದು ಹತ್ತುವುದು. ಅದೇ ಹೋಟೆಲಿನಲ್ಲಿ ಟೀ ಕುಡಿಯುತ್ತೇವೆ. ಅವ್ವನ ಕೈ ಎದ್ದರೆ ನಾನು ಹಿಡಿದುಕೊಳ್ಳುತ್ತೇನೆ. ಹೊಳೆಗೂ ಹೋಗುತ್ತೇವೆ, ಎಲ್ಲರೂ ಇಳಿಯುವ ಮೆಟ್ಟಿಲಿನಲ್ಲೇ ಇಳಿಯುತ್ತೇವೆ. ಯಾರ ಪೈಕಿ ಅಂತ ಯಾರಾದರೂ ಕೇಳಿದರೆ, ಈ ಸಲ ಅವ್ವ ಬಾಯಿ ಬಿಡುವ ಮುಂಚೆ ನಾನು ಹೇಳುತ್ತೇನೆ.